ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್ ರಾಸ್ಪ್‌ಬೆರಿ ಪೈ 4ರಲ್ಲಿ ನಿಧಾನ: ಪ್ರತಿಕ್ರಿಯೆ
ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್‌ನ ಡಿಸ್ಕ್ ಅನ್ನು ಎನ್‌ಕ್ರಿಪ್ಟ್ ಮಾಡಿದ (ಗೂಢಲಿಪಿಗೆ ಬದಲಿಸಿದ) ಮೇಲೆ ಕಡತಗಳ ನಕಲಿನ ವೇಗ ಕುಸಿದಿದೆ ಎಂದಿದ್ದೀರಿ. ಕಾರಣ ಡಿಸ್ಕ್ ಅಲ್ಲ, ಪ್ರೊಸೆಸರ್ ಇರಬೇಕು. ಪೈ 4ರ ಚಿಪ್‌ನಲ್ಲಿ ಎಇಎಸ್ ಎಂಬ ಗೂಢಲಿಪಿ ವಿಧಾನದ ಲೆಕ್ಕಕ್ಕೆಂದೇ ಇರುವ ಸೌಲಭ್ಯವಿಲ್ಲ, ಎಲ್ಲವೂ ಸಾಫ್ಟ್‌ವೇರ್‌ನಲ್ಲೇ ನಡೆಯುತ್ತದೆ. ಮೊದಲು ಟರ್ಮಿನಲ್‌ನಲ್ಲಿ, ಪ್ರೊಸೆಸರ್ ವಿವರ ತೋರಿಸುವ ‘ಎಲ್‌ಎಸ್‌ಸಿಪಿಯು’ (lscpu) ಆದೇಶ ಕೊಟ್ಟು ನೋಡಿ. ಫ್ಲ್ಯಾಗ್‌ಗಳ (ಚಿಪ್‌ನ ಸೌಲಭ್ಯಗಳ) ಸಾಲಿನಲ್ಲಿ ಎಇಎಸ್ ಕಾಣದಿದ್ದರೆ ಅನುಮಾನ ನಿಜ. ಆಮೇಲೆ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಕ್ರಿಪ್ಟ್‌ಸೆಟಪ್ (cryptsetup) ತಂತ್ರಾಂಶದ ಬೆಂಚ್‌ಮಾರ್ಕ್‌ನಲ್ಲಿ, ಅಂದರೆ ವೇಗದ ಪರೀಕ್ಷೆಯಲ್ಲಿ, ಡಿಸ್ಕ್‌ಗೆ ಬಳಸುವ ಎಇಎಸ್ ರೂಪವಾದ ಎಇಎಸ್-ಎಕ್ಸ್‌ಟಿಎಸ್ ಮತ್ತು ಅಡಿಯಾಂಟಮ್ ಎಂಬ ಇನ್ನೊಂದು ವಿಧಾನ ಎರಡನ್ನೂ ಹೋಲಿಸಿ. ಅಡಿಯಾಂಟಮ್ ಅನ್ನು ಗೂಗಲ್ ಇಂಥ ಚಿಪ್‌ಗಳಿಗೆಂದೇ ರೂಪಿಸಿದೆ. ಅದು ಮುಂದಿದ್ದರೆ, ಕಡತಗಳನ್ನೆಲ್ಲ ಬೇರೊಂದು ಡಿಸ್ಕ್‌ಗೆ ನಕಲಿಸಿ, ಕೆಲವನ್ನು ತೆರೆದು ಪರೀಕ್ಷಿಸಿದ ನಂತರವೇ ಲಕ್ಸ್2 (LUKS2) ಎಂಬ ಡಿಸ್ಕ್ ಎನ್‌ಕ್ರಿಪ್ಷನ್ ಮಾದರಿಯಲ್ಲಿ ಅಡಿಯಾಂಟಮ್ ಆರಿಸಿ, ಸೆಕ್ಟರ್ (ಒಮ್ಮೆಗೆ ಎನ್‌ಕ್ರಿಪ್ಟ್ ಆಗುವ ತುಂಡು) ಗಾತ್ರ 4096 ಬೈಟ್ ಎಂದು ಕೊಟ್ಟು ಹೊಸದಾಗಿ ಫಾರ್ಮ್ಯಾಟ್ ಮಾಡಿ. ದಯವಿಟ್ಟು ಇಲ್ಲಿ ಆತುರ ಬೇಡ, ಅಳಿಸಿದ್ದು ಮರಳಿ ಬರುವುದಿಲ್ಲ. ಬೆಂಚ್‌ಮಾರ್ಕ್‌ನಲ್ಲಿ ಎಇಎಸ್ ವೇಗವೇ ನಿಮ್ಮ ನಕಲಿನ ವೇಗಕ್ಕಿಂತ ಬಹಳ ಹೆಚ್ಚಿದ್ದರೆ ಮಾತ್ರ ಯುಎಸ್‌ಬಿ ಕೇಬಲ್, ನೆಟ್‌ವರ್ಕ್ ಕಡೆ ಹುಡುಕಿ.