ಮಗಳು ಸಭೆ ಬಿಟ್ಟಳು, ಅಪ್ಪ ಹೇಗೆ ಪ್ರಾರ್ಥಿಸಬೇಕು?

(ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅಪ್ಪ, ಮಗಳು ಇಬ್ಬರೂ ಒಪ್ಪಿದ್ದಾರೆ.)

ಅವರನ್ನು ಮೇಷ್ಟ್ರು ಎಂದು ಕರೆಯೋಣ. ಶಾಲೆಯಿಂದ ನಿವೃತ್ತರಾದವರು, ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಚರ್ಚ್) ಸಭೆಯೊಂದರ ಹಿರಿಯರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಸ್ವಿಸ್ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಆಮೇಲೆ ಧಾರವಾಡ, ಹುಬ್ಬಳ್ಳಿ ಕಡೆಗೂ ಹಬ್ಬಿತಲ್ಲ, ಅವರ ಮನೆತನ ಆ ಕಾಲದಿಂದ ಕ್ರೈಸ್ತರು. ಹೆಂಡತಿ ಕೆಲವು ವರ್ಷಗಳ ಹಿಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಸಂಡೇ ಸ್ಕೂಲ್, ದೃಢೀಕರಣ (ಕನ್ಫರ್ಮೇಶನ್), ಕ್ವಾಯರ್ ಎಲ್ಲಾ ಆಗಿ ಬೆಳೆದ ಹುಡುಗಿ. ಒಂದು ದಿನ ಫೋನಿನಲ್ಲಿ, "ಅಪ್ಪಾ, ನನಗೆ ಇದರಲ್ಲಿ ನಂಬಿಕೆ ಉಳಿದಿಲ್ಲ. ಇದ್ದ ಹಾಗೆ ನಟಿಸೋಕೆ ಆಗಲ್ಲ" ಎಂದಳು.

ಮೇಷ್ಟ್ರು ಸಲಹೆ ಕೇಳಲು ನನ್ನಲ್ಲಿಗೆ ಬಂದದ್ದು ಒಂದೇ ಪ್ರಶ್ನೆ ಹಿಡಿದುಕೊಂಡು. "ಇಷ್ಟು ಪ್ರಾರ್ಥನೆ ಮಾಡ್ತಿದ್ದೀನಿ. ಅವಳು ಇನ್ನೂ ದೂರ ಹೋಗ್ತಿದ್ದಾಳೆ. ಎಲ್ಲಿ ತಪ್ತಿದೆ?"

ಹೇಗೆ ಪ್ರಾರ್ಥನೆ ಮಾಡ್ತಿದ್ದೀರಿ ಎಂದು ಬಿಡಿಸಿ ಕೇಳಿದೆ. ಬೆಳಿಗ್ಗೆ ಐದೂವರೆಗೆ ಮಗಳಿಗೆ ವಾಟ್ಸಾಪ್‌ನಲ್ಲಿ ಬೈಬಲಿನ ಒಂದು ವಾಕ್ಯ ಹೋಗುತ್ತದೆ, ಸೂರ್ಯೋದಯದ ಚಿತ್ರದ ಮೇಲೆ ಬರೆದದ್ದು. ಸಭೆಯ ಉಪವಾಸ ಕೂಟದಲ್ಲಿ ಅವಳ ಹೆಸರು ಹೇಳಿ ಪ್ರೇಯರ್ ರಿಕ್ವೆಸ್ಟ್ ಕೊಟ್ಟಿದ್ದಾರೆ. ಶುಕ್ರವಾರ ಉಪವಾಸ, ಅದೂ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಕೊಂಡು. ಸುಸ್ತಾದಾಗ ಮಗಳಿಗೆ ಫೋನ್ ಮಾಡಿ, "ನಿನಗೋಸ್ಕರಾನೇ ಊಟ ಬಿಟ್ಟಿದ್ದೀನಮ್ಮಾ" ಎನ್ನುತ್ತಾರೆ. ಅವಳು ಊರಿಗೆ ಬಂದಾಗ ಊಟದ ಪ್ರಾರ್ಥನೆ ಹತ್ತು ನಿಮಿಷಕ್ಕೆ ಬೆಳೆಯುತ್ತದೆ. ಹಿಂಜಾರಿದ ಕುರಿಮರಿ, ಲೋಕದ ಮೋಹ, ಕಣ್ಣು ತೆರೆಸು ಕರ್ತನೇ... ತಟ್ಟೆಯಲ್ಲಿ ಅನ್ನ ಆರುತ್ತಿರುತ್ತದೆ. ಒಮ್ಮೆ ಇವರು ಕಣ್ಣು ಬಿಟ್ಟಾಗ ಮಗಳು ತಮ್ಮನ್ನೇ ನೋಡುತ್ತಾ ಕೂತಿದ್ದಳಂತೆ. ಆಮೇಲೆ ಎರಡು ಹಬ್ಬಕ್ಕೆ ಅವಳು ಬರಲಿಲ್ಲ.

ನಾನೂ ಪ್ರಾರ್ಥನೆ ಮಾಡುವವಳು. ಆದ್ದರಿಂದ ನೇರವಾಗಿ ಹೇಳಿದೆ: "ಮೇಷ್ಟ್ರೇ, ಇದರಲ್ಲಿ ಬಹುಪಾಲು ದೇವರಿಗೆ ಹೇಳಿದ್ದಲ್ಲ. ಮಗಳಿಗೆ ಕೇಳಲಿ ಅಂತ ಹೇಳಿದ್ದು." ಅವರು ತುಂಬಾ ಹೊತ್ತು ಮಾತಾಡಲಿಲ್ಲ. ನಂತರ ಒಪ್ಪಿಕೊಂಡರು.

ಅವರ ಭಯ ಸಣ್ಣದೇನಲ್ಲ. ಐದು ತಲೆಮಾರು ಉಳಿಸಿಕೊಂಡು ಬಂದದ್ದು ನನ್ನ ಕೈಯಲ್ಲಿ ಹೋಯ್ತು ಎಂಬ ನೋವು ಒಂದು. ಅದಕ್ಕಿಂತ ಆಳದಲ್ಲಿ ಇನ್ನೊಂದು: ಪರಲೋಕದಲ್ಲಿ ಹೆಂಡತಿ ಸಿಕ್ಕಾಗ 'ಮಗಳೆಲ್ಲಿ' ಎಂದರೆ ಏನು ಹೇಳಲಿ? ನಂಬುವ ಮನುಷ್ಯನಿಗೆ ಇದು ನಿಜವಾದ ಸಂಕಟ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಸಲಹೆಗಾರರನ್ನು ಕಂಡರೆ ನನಗೆ ಬೇಸರ.

ಮುಂದಿನ ಭೇಟಿಯಲ್ಲಿ ಕೇಳಿದೆ, "ಅವಳು ಯಾಕೆ ಬಿಟ್ಟಳು?" ಬೆಂಗಳೂರು, ಗೆಳೆಯರು, ಯೂಟ್ಯೂಬ್ ಎಂದರು. "ಅವಳು ಹಾಗೆ ಹೇಳಿದಳಾ?" ಇಲ್ಲ. ಅವಳನ್ನು ಕೇಳೇ ಇರಲಿಲ್ಲ. ಇಷ್ಟು ದಿನ ಅತ್ತು ಬೇಡಿಕೊಂಡಿದ್ದಾರೆ, ಆದರೆ ಮಗಳ ಎದೆಯಲ್ಲಿ ಏನಿದೆ ಎಂದು ಗೊತ್ತಿಲ್ಲ.

ಒಂದೇ ಸಲ ಕೇಳಿ ಎಂದೆ. ಕೇಳಿದ ಮೇಲೆ ಉತ್ತರ ಕೊಡಬೇಡಿ. ವಾಕ್ಯ ಬೇಡ, ಸಮಜಾಯಿಷಿ ಬೇಡ, ಕೊನೆಗೆ 'ಪ್ರಾರ್ಥನೆ ಮಾಡೋಣ ಬಾ' ಅನ್ನೋದೂ ಬೇಡ. ಮೇಷ್ಟ್ರಾಗಿದ್ದವರಿಗೆ ಇದು ಕಷ್ಟ.

ಅವರು ಬೆಂಗಳೂರಿಗೇ ಹೋಗಿ ಕೇಳಿದರು. ಮಗಳು ಹೇಳಿದ್ದು ಹೀಗೆ. ಅಮ್ಮ ಹಾಸಿಗೆ ಹಿಡಿದಾಗ ಮನೆಗೆ ಬರುತ್ತಿದ್ದ ಪ್ರಾರ್ಥನಾ ಗುಂಪಿನವರು, ಗುಣವಾಗೇ ಆಗುತ್ತೆ, ಸ್ತೋತ್ರ ಹೇಳಿ ಎನ್ನುತ್ತಿದ್ದರು. ಅಮ್ಮ ಹೋದ ಮೇಲೆ ಅವರಲ್ಲೊಬ್ಬರು, ಮನೆಯಲ್ಲಿ ಯಾರಿಗೋ ವಿಶ್ವಾಸ ಸಾಲಲಿಲ್ಲ ಎಂದರು. ಆ 'ಯಾರೋ' ತಾನೇ ಎಂದು ಹುಡುಗಿ ಒಳಗೇ ಕೊರಗಿದಳು. ಅಪ್ಪನ ಕಡೆ ನೋಡಿದರೆ ಅಪ್ಪ, "ದೇವರ ಚಿತ್ತ" ಎಂದು ಹೇಳಿ ಮರುವಾರವೇ ಸಭೆಯಲ್ಲಿ ಬೈಬಲ್ ವಾಚನ ಮಾಡಿದರು. "ನೀನು ಅಳಲೇ ಇಲ್ಲ ಅಪ್ಪಾ. ಅಳೋಕೆ ಜಾಗ ಇಲ್ಲದ ಕಡೆ ನಾನು ಹೇಗಿರಲಿ?"

ಇದನ್ನು ನನಗೆ ಹೇಳುವಾಗ ಮೇಷ್ಟ್ರು ಅತ್ತರು. ನನ್ನ ಅಂದಾಜಿನಲ್ಲಿ ಹೆಂಡತಿಗಾಗಿ ಅವರು ಅತ್ತದ್ದು ಅವತ್ತೇ ಮೊದಲು.

ಅಲ್ಲಿಂದ ನಮ್ಮ ಮಾತು ಬೇರೆ ಕಡೆ ತಿರುಗಿತು. ಬೈಬಲಿನ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪ್ರಲಾಪವೇ, ಅಂದರೆ ದೇವರ ಮುಂದೆ ಅಳುವ ಹಾಡು. 13ನೆಯದು ಇನ್ನೂ ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ದೇವರನ್ನೇ ಕೇಳುತ್ತದೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲು ಒಂದೂ ಇಲ್ಲ. ದಿನಾ ಬೆಳಿಗ್ಗೆ ಇವೆರಡನ್ನು ಗಟ್ಟಿಯಾಗಿ ಓದಿ ಎಂದೆ, ಮೊದಲು ನಿಮಗಾಗಿ.

ಸಂತ ಅಗಸ್ಟೀನನ ತಾಯಿ ಮೋನಿಕಾಳ ವಿಷಯವನ್ನೂ ಮಾತಾಡಿದೆವು. ಈಗಿನ ಅಲ್ಜೀರಿಯಾದ ಕಡೆಯ ಆ ತಾಯಿ ವರ್ಷಾನುಗಟ್ಟಲೆ ಅತ್ತು ಪ್ರಾರ್ಥಿಸಿದಳು, ಮಗ ಅಗಸ್ಟೀನ ಕ್ರಿ.ಶ. 387ರಲ್ಲಿ ಮಿಲಾನ್‌ನಲ್ಲಿ ದೀಕ್ಷಾಸ್ನಾನ ಪಡೆದ ಎಂದು ಸಭೆಗಳಲ್ಲಿ ಹೇಳುತ್ತಾರೆ. ನಡುವಿನದ್ದನ್ನು ಬಿಟ್ಟುಬಿಡುತ್ತಾರೆ. ಮಗ ಬೇರೆ ಪಂಥ ಸೇರಿದಾಗ ಅವಳು ಮೊದಲು ಅವನನ್ನು ತನ್ನ ಊಟದ ಮೇಜಿನಿಂದ ದೂರ ಇಟ್ಟಿದ್ದಳು. ಆಮೇಲೆ ಮತ್ತೆ ಸೇರಿಸಿಕೊಂಡಳು. ಇವನಿಗೆ ನಾಲ್ಕು ಬುದ್ಧಿಮಾತು ಹೇಳಿ ಎಂದು ಒಬ್ಬ ಬಿಷಪರ ಬೆನ್ನುಬಿದ್ದಾಗ ಅವರು ಒಪ್ಪಲಿಲ್ಲ. ಅವನನ್ನು ಅವನ ಪಾಡಿಗೆ ಬಿಡು, ಅವನಿಗಾಗಿ ಪ್ರಾರ್ಥಿಸು, ಅಷ್ಟೇ ಎಂದರು. ಮಗ ಇಟಲಿಗೆ ಹೋಗದಿರಲಿ ಎಂದು ಅವಳು ರಾತ್ರಿಯಿಡೀ ಬೇಡಿಕೊಂಡಳು. ಅದೇ ರಾತ್ರಿ ಅವನು ಸುಳ್ಳು ಹೇಳಿ ಹಡಗು ಹತ್ತಿದ. ಕೊನೆಗೆ ಅವನ ಮನಸ್ಸು ತಿರುಗಿದ್ದು ಅವಳು ಬೇಡ ಎಂದ ಆ ಇಟಲಿಯಲ್ಲೇ.

ಮೇಷ್ಟ್ರು ತಕ್ಷಣ ಕೇಳಿದರು, "ಹಾಗಾದ್ರೆ ನನ್ನ ಮಗಳೂ ಬರ್ತಾಳೆ ಅಲ್ವಾ?" ಅದನ್ನು ನಾನು ಹೇಳಲಾರೆ ಎಂದೆ. ಬಾರದ ಮಕ್ಕಳ ತಂದೆತಾಯಿಯರೂ ಅಷ್ಟೇ ಕಣ್ಣೀರು ಹಾಕಿದ್ದಾರೆ. ಬಂದರೆ ಪ್ರಾರ್ಥನೆ ಗೆದ್ದಿತು, ಬಾರದಿದ್ದರೆ ವಿಶ್ವಾಸ ಸಾಲಲಿಲ್ಲ ಎಂದು ಲೆಕ್ಕ ಹಾಕಿದರೆ, ಮಗಳನ್ನು ಹೊರಗೆ ಕಳಿಸಿದ ಆ ಮಾತನ್ನೇ ನಾವೂ ಆಡಿದಂತಾಗುತ್ತದೆ.

ಅವರಿಗೆ ಕೊಟ್ಟ ಸಲಹೆ ಇಷ್ಟು. ಕೂಟದ ಪಟ್ಟಿಯಿಂದ ಅವಳ ಹೆಸರು ತೆಗೆಸಿ. ಇನ್ನು ಮುಂದೆ ಅವಳ ವಿಷಯ ಯಾರಿಗೆ ಹೇಳುವುದಿದ್ದರೂ ಅವಳನ್ನು ಕೇಳಿಯೇ ಹೇಳಿ. ಬೆಳಗಿನ ವಾಕ್ಯ ನಿಲ್ಲಿಸಿ, 'ತಿಂಡಿ ಏನು, ಕೆಮ್ಮು ಕಡಿಮೆ ಆಯ್ತಾ' ಎಂದು ಕೇಳಿ. ಊಟದ ಮುಂದೆ ಊಟಕ್ಕಷ್ಟೇ ಸ್ತೋತ್ರ. ಉಪವಾಸದ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ, ಸಕ್ಕರೆ ಮಾತ್ರೆಯ ಜೊತೆ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮಾಡಿದರೂ ಅದರ ಋಣ ಮಗಳ ಮೇಲೆ ಹೊರಿಸಬೇಡಿ. ಪ್ರಾರ್ಥನೆಯನ್ನು ಮಾತ್ರ ಖಂಡಿತ ಬಿಡಬೇಡಿ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಹೇಳಿದ ಹಾಗೆ ಬಾಗಿಲು ಮುಚ್ಚಿಕೊಂಡು ಮಾಡಿ. ಹಿಂತಿರುಗಲಿ ಎಂಬ ಆಸೆಯನ್ನೂ ಹೇಳಿಕೊಳ್ಳಿ, ಮುಚ್ಚಿಡಬೇಡಿ. ಆದರೆ ಅವಳ ನಿದ್ದೆ, ಕೆಲಸ, ಗಂಟಲಲ್ಲಿ ಸಿಕ್ಕಿಕೊಂಡಿರುವ ಆ ದುಃಖ, ಇವನ್ನೂ ಹೆಸರಿಟ್ಟು ಹೇಳಿ. ನನಗಾಗಿ ಪ್ರಾರ್ಥಿಸ್ತೀಯಾ ಎಂದು ಅವಳು ಕೇಳಿದರೆ ಹೌದು ಎನ್ನಿ. ಅದಕ್ಕಿಂತ ಒಂದು ಮಾತೂ ಜಾಸ್ತಿ ಬೇಡ.

ಮಗಳು ಸಭೆಗೆ ವಾಪಸ್ ಬಂದಿಲ್ಲ. ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ. ಮಾತು ಹೆಚ್ಚಾಗಿ ಅಮ್ಮನದೇ. ಕ್ರಿಸ್ಮಸ್‌ಗೆ ಊರಿಗೆ ಬರ್ತೀನಿ, ಆದರೆ ಚರ್ಚಿಗೆ ಕರೀಬೇಡ ಎಂದಿದ್ದಾಳೆ. ಮೇಷ್ಟ್ರು ಒಪ್ಪಿದ್ದಾರೆ. 'ಮಗಳು ಬಂದಿದ್ದಾಳಂತೆ, ಆರಾಧನೆಗೆ ಬರಲಿಲ್ವಾ' ಎಂದು ಸಭೆಯವರು ಕೇಳಿದರೆ ಅವಳ ಮಾನ ಕಾಯುವಂಥ ಉತ್ತರ ಏನು ಕೊಡಬೇಕು ಎಂಬುದು ನಮ್ಮ ಮುಂದಿನ ಭೇಟಿಯ ವಿಷಯ.