ಇಂಜಿನಿಯರಿಂಗ್ ಕೋರ್ಸಲ್ಲಿ ಫ್ಲಿಪ್ಡ್ ಕ್ಲಾಸ್‌ರೂಮ್ ವರ್ಕ್ ಆಗುತ್ತಾ? ಹುಡುಗ್ರು ವಿಡಿಯೋ ನೋಡದೇ ಬಂದ್ರೆ ಏನ್ ಮಾಡೋದು?

ಖಂಡಿತ ಆಗುತ್ತೆ. ಫ್ಲಿಪ್ಡ್ ಕ್ಲಾಸ್‌ರೂಮ್ ಅಂದ್ರೆ ಪಾಠನ ಮೊದ್ಲೇ ವಿಡಿಯೋಲಿ ನೋಡ್ಕೊಂಡು ಬಂದು, ಕ್ಲಾಸಲ್ಲಿ ಪ್ರಾಬ್ಲಂ ಬಿಡಿಸೋದು. ಆದ್ರೆ ಎಲ್ರೂ ವಿಡಿಯೋ ಮಾಡೋದ್ರ ಬಗ್ಗೇನೇ ತಲೆಕೆಡಿಸ್ಕೊಳ್ತಾರೆ, ಕ್ಲಾಸಲ್ಲಿ ಏನ್ ಮಾಡ್ಬೇಕು ಅಂತ ಯೋಚ್ನೆ ಮಾಡೋರು ಕಮ್ಮಿ. ನಾನು ಮೆಕ್ಯಾನಿಕ್ಸ್ ಹೇಳ್ಕೊಡ್ತೀನಿ, ಅದ್ರದ್ದೇ ಉದಾಹರಣೆ ಕೊಡ್ತೀನಿ.

ಗೋಡೆಗೆ ಒರಗಿಸಿದ ಏಣಿ ಪ್ರಾಬ್ಲಂ ತಗೊಳ್ಳಿ. ಬೋರ್ಡ್ ಮೇಲೆ ನಾವು ಫ್ರೀ ಬಾಡಿ ಡಯಾಗ್ರಾಂ (ಏಣಿ ಮೇಲೆ ಬೀಳೋ ಬಲಗಳನ್ನೆಲ್ಲ ಬಾಣ ಹಾಕಿ ತೋರ್ಸೋ ಚಿತ್ರ) ಬರೀತಿದ್ರೆ ಎಲ್ರೂ ತಲೆ ಆಡಿಸ್ತಾರೆ, ಅರ್ಥ ಆಯ್ತು ಅಂತಾನೇ ಅನ್ಸುತ್ತೆ ಅವ್ರಿಗೆ, ಆಮೇಲೆ ರೂಮಲ್ಲಿ ಒಬ್ರೇ ಕೂತು ಬರೆಯೋಕೆ ಹೋದಾಗ ನೆಲದ ಹತ್ರ ಫ್ರಿಕ್ಷನ್ ಯಾವ ಕಡೆ ಹಾಕೋದು ಅಂತ ಸಿಕ್ಕಾಕೊಳ್ತಾರೆ, ಆಗ ಕೇಳೋಕೆ ಪಕ್ಕದಲ್ಲಿ ಯಾರೂ ಇರಲ್ಲ. ಕೇಳಿಸ್ಕೊಳ್ಳೋ ಸುಲಭದ ಕೆಲ್ಸಕ್ಕೆ ಮೇಷ್ಟ್ರು ಇದ್ರು, ಬಿಡಿಸೋ ಕಷ್ಟದ ಕೆಲ್ಸಕ್ಕೆ ಇಲ್ಲ. ಇದನ್ನ ಅದಲುಬದಲು ಮಾಡ್ಬೇಕು.

ನಾನು ಅದೇ ಪ್ರಶ್ನೆನ ಕ್ಲಾಸಲ್ಲಿ ಹಾಕಿ ಓಟ್ ಮಾಡಿಸ್ತೀನಿ. ಹಾರ್ವರ್ಡ್ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಲ್ಲಿ ಬಳಕೆಗೆ ತಂದ ವಿಧಾನ ಇದು. ಸರಿ ಉತ್ರ ಹೆಚ್ಚುಕಮ್ಮಿ 30ರಿಂದ 70 ಪರ್ಸೆಂಟ್ ಒಳಗಿದ್ರೆ ಪಕ್ಕದವ್ರ ಜೊತೆ ವಾದ ಮಾಡೋಕೆ ಬಿಟ್ಟು ಮತ್ತೆ ಓಟ್. ಏಣಿ ಕಾಲು ಗೋಡೆಯಿಂದ ಆಚೆ ಜಾರೋಕೆ ನೋಡುತ್ತೆ, ಹಂಗಾಗಿ ಫ್ರಿಕ್ಷನ್ ಗೋಡೆ ಕಡೆಗೆ ಅಂತ ಈಗಷ್ಟೇ ಅರ್ಥ ಮಾಡ್ಕೊಂಡ ಹುಡುಗಿ ಹೇಳಿದ್ರೆ ನಾನ್ ಹೇಳೋದಕ್ಕಿಂತ ಬೇಗ ತಲೆಗೆ ಹೋಗುತ್ತೆ, ಎಷ್ಟೋ ಸಲ ನೋಡಿದೀನಿ.

ಇನ್ನು ನೋಡದೇ ಬರೋರು. ಅವ್ರಿಗೋಸ್ಕರ ವಿಡಿಯೋಲಿರೋ ಪಾಠನ ಕ್ಲಾಸಲ್ಲಿ ಮತ್ತೆ ಮಾಡ್ಲೇಬೇಡಿ, ಮಾಡಿದ್ರೆ ಮುಂದಿನ ವಾರ ನೋಡ್ಕೊಂಡು ಬರೋರೂ ನಿಲ್ಲಿಸ್ತಾರೆ. ಹಿಂದಿನ ರಾತ್ರಿಯೊಳಗೆ ಮುಗಿಸೋ ಚಿಕ್ಕ ಕ್ವಿಜ್ ಇಡಿ, ಸ್ವಲ್ಪ ಇಂಟರ್ನಲ್ ಮಾರ್ಕ್ಸ್ ಕೊಡಿ, ಕೊನೇಲಿ ‘ಎಲ್ಲಿ ಅರ್ಥ ಆಗ್ಲಿಲ್ಲ’ ಅಂತ ಕೇಳಿ. ಆ ಉತ್ರ ಓದ್ಕೊಂಡೇ ಕ್ಲಾಸಿಗೆ ಹೋಗಿ. ವಿಡಿಯೋ ಆದಷ್ಟು ಚಿಕ್ಕದಿರ್ಲಿ, ಎಡ್‌ಎಕ್ಸ್ ಅನ್ನೋ ವೆಬ್‌ಸೈಟಿನ ಆನ್‌ಲೈನ್ ಕೋರ್ಸ್‌ಗಳ ಮೇಲೆ 2014ರಲ್ಲಿ ಬಂದ ಸ್ಟಡಿಲಿ 6 ನಿಮಿಷಕ್ಕಿಂತ ಉದ್ದ ಇದ್ರೆ ಜನ ಅರ್ಧಕ್ಕೇ ಬಿಡ್ತಾರೆ ಅಂತ ಕಂಡಿತ್ತು.

‘ಸರ್ ಪಾಠನೇ ಮಾಡಲ್ಲ’ ಅನ್ನೋ ಕಂಪ್ಲೇಂಟ್ ಬಂದೇ ಬರುತ್ತೆ. ಹಾರ್ವರ್ಡ್ ಫಿಸಿಕ್ಸ್ ಕ್ಲಾಸಲ್ಲೇ 2019ರ ಸ್ಟಡಿ ಪ್ರಕಾರ ತಾವೇ ಕೆಲ್ಸ ಮಾಡಿ ಕಲಿತೋರು ಟೆಸ್ಟಲ್ಲಿ ಜಾಸ್ತಿ ತೆಗೆದ್ರು, ಆದ್ರೆ ಕಮ್ಮಿ ಕಲಿತ್ವಿ ಅಂತ ಅವ್ರಿಗನ್ನಿಸ್ತು. ಇದನ್ನ ಮೊದಲ ದಿನಾನೇ ಹುಡುಗ್ರಿಗೆ ಹೇಳ್ಬಿಡಿ. ಇಡೀ ಸೆಮಿಸ್ಟರ್ ಒಟ್ಟಿಗೆ ಬದಲಾಯಿಸೋಕೆ ಹೋಗ್ಬೇಡಿ, ಪರೀಕ್ಷೇಲಿ ಹುಡುಗ್ರು ಜಾಸ್ತಿ ಎಡವೋ ಯೂನಿಟ್ ಯಾವ್ದಿದ್ಯೋ ಅದೊಂದ್ರಿಂದ ಶುರು ಮಾಡಿ.