ಕ್ಯಾಮೆರಾ ಪ್ರಶ್ನೋತ್ತರ: ಪಿಕ್ಚರ್ ಸ್ಟೈಲ್ ಎಲ್ಲಿ ಬೇಕು, ಎಷ್ಟು ಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಫೋಟೊದ ಬಣ್ಣದ ಬಗ್ಗೆ. ಲೆನ್ಸ್ ಬದಲಿಸಲಾ, ಕ್ಯಾಮೆರಾನೇ ಬದಲಿಸಲಾ ಅಂತ ಹಲವರು ಕೇಳಿದ್ದಾರೆ. ಓದುತ್ತಾ ಹೋದರೆ ಬಹಳಷ್ಟು ಸಮಸ್ಯೆಗಳ ಮೂಲ ಮೆನುವಿನಲ್ಲಿರುವ ಒಂದೇ ಜಾಗ. ಕ್ಯಾನನ್‌ನಲ್ಲಿ ಅದರ ಹೆಸರು ಪಿಕ್ಚರ್ ಸ್ಟೈಲ್, ನಿಕಾನ್‌ನಲ್ಲಿ ಪಿಕ್ಚರ್ ಕಂಟ್ರೋಲ್. ಸೋನಿಯ ಹಳೆ ಕ್ಯಾಮೆರಾಗಳಲ್ಲಿ ಕ್ರಿಯೇಟಿವ್ ಸ್ಟೈಲ್, ಹೊಸವುಗಳಲ್ಲಿ ಕ್ರಿಯೇಟಿವ್ ಲುಕ್. ಫ್ಯೂಜಿಯವರು ಫಿಲ್ಮ್ ಸಿಮ್ಯುಲೇಶನ್ ಅನ್ನುತ್ತಾರೆ. ಹೆಸರು ಏನೇ ಇರಲಿ, ಮಾಡುವ ಕೆಲಸ ಒಂದೇ: ಸೆನ್ಸರ್ ಹಿಡಿದ ಬೆಳಕಿಗೆ ಎಷ್ಟು ಕಾಂಟ್ರಾಸ್ಟ್ (ಬೆಳಕು-ನೆರಳಿನ ನಡುವಿನ ವ್ಯತ್ಯಾಸ), ಎಷ್ಟು ಬಣ್ಣ, ಎಷ್ಟು ಶಾರ್ಪ್‌ನೆಸ್ ಕೊಟ್ಟು ಫೋಟೊ ಮಾಡಬೇಕು ಅಂತ ಕ್ಯಾಮೆರಾಗೆ ಹೇಳುವುದು.

ಪ್ರಶ್ನೆ: ಸರ್, ನನ್ನದು ಕ್ಯಾನನ್ 1500ಡಿ. ನಮ್ಮೂರಲ್ಲಿ ಯಕ್ಷಗಾನ ಆದಾಗಲೆಲ್ಲ ಫೋಟೊ ತೆಗೆಯುತ್ತೇನೆ. ಬೆಳಗಾಗುವುದರೊಳಗೆ ಕಲಾವಿದರಿಗೆ, ಸಂಘಟಕರಿಗೆ ವಾಟ್ಸ್‌ಆ್ಯಪ್ ಮಾಡಬೇಕು, ಹಾಗಾಗಿ ಜೆಪೆಗ್‌ನಲ್ಲೇ ತೆಗೆಯುವುದು. ಕೆಂಪು ಬಟ್ಟೆ ಪೂರ್ತಿ ಪೇಂಟ್ ಬಳಿದ ಹಾಗೆ ಕಾಣುತ್ತೆ, ಒಂದು ನೆರಿಗೆಯೂ ಕಾಣಲ್ಲ. ಫೋಕಸ್ ಸರಿಯಾಗಿದೆ, ಸ್ಟೈಲ್ ಸ್ಟ್ಯಾಂಡರ್ಡ್‌ನಲ್ಲಿದೆ. ಒಳ್ಳೆ ಲೆನ್ಸ್ ತಗೊಂಡರೆ ಸರಿಹೋಗುತ್ತಾ? (ಪುತ್ತೂರಿನ ಓದುಗರು)

ಉತ್ತರ: ಲೆನ್ಸ್‌ಗೆ ದುಡ್ಡು ಹಾಕಬೇಡಿ, ಈ ಸಮಸ್ಯೆ ಲೆನ್ಸ್‌ನದ್ದಲ್ಲ. ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ 0ಯಿಂದ 255ರವರೆಗೆ ಮಟ್ಟಗಳಿರುತ್ತವೆ. ರಂಗಸ್ಥಳದ ಬೆಳಕು ಕೆಂಪು ಬಟ್ಟೆಯ ಮೇಲೆ ಬಿದ್ದಾಗ ವಾಪಸ್ ಬರುವುದು ಹೆಚ್ಚಾಗಿ ಕೆಂಪೇ ಅಲ್ವಾ? ಅದರ ಮೇಲೆ ನಿಮ್ಮ ಸ್ಟ್ಯಾಂಡರ್ಡ್ ಸ್ಟೈಲ್ ಕಾಂಟ್ರಾಸ್ಟನ್ನೂ ಸ್ಯಾಚುರೇಶನ್ನನ್ನೂ (ಬಣ್ಣದ ಗಾಢತೆ) ಇನ್ನಷ್ಟು ಏರಿಸುತ್ತದೆ. ಆಗ ನೆರಿಗೆಯ ಮೇಲ್ಭಾಗವೂ 255, ಪಕ್ಕದ ತಗ್ಗೂ 255. ಎರಡರ ನಡುವೆ ವ್ಯತ್ಯಾಸವೇ ಇಲ್ಲ ಅಂದಮೇಲೆ ನೆರಿಗೆ ಎಲ್ಲಿಂದ ಕಾಣಬೇಕು?

ಇದು ನಿಮಗೆ ಅಲ್ಲೇ ಗೊತ್ತಾಗದೆ ಇರುವುದಕ್ಕೂ ಕಾರಣ ಇದೆ. ಫೋಟೊದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವ ಮಟ್ಟದ ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆಯೇ ಹಿಸ್ಟೋಗ್ರಾಮ್. ಮಾಮೂಲಿ ಬ್ರೈಟ್‌ನೆಸ್ ಹಿಸ್ಟೋಗ್ರಾಮ್‌ನಲ್ಲಿ ಕೆಂಪಿನ ಪಾಲು ಕಡಿಮೆ, ಹಸಿರಿನದ್ದು ಜಾಸ್ತಿ. ಕೆಂಪು ಪೂರ್ತಿ ಸುಟ್ಟುಹೋಗಿದ್ದರೂ ಅದು ಎಲ್ಲ ಸರಿ ಇದೆ ಅಂತಲೇ ತೋರಿಸಬಹುದು. ಮೆನುವಿನಲ್ಲಿ ಹಿಸ್ಟೋಗ್ರಾಮನ್ನು ಆರ್‌ಜಿಬಿಗೆ ಬದಲಿಸಿ. ಕೆಂಪಿನ ಗೆರೆ ಬಲಗಡೆ ಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಬಟ್ಟೆಯ ವಿವರ ಹೋಯಿತು ಅಂತ ತಿಳಿಯಿರಿ. ಆಮೇಲೆ ಮೊಬೈಲ್‌ನಲ್ಲಿ ಎಷ್ಟೇ ಎಡಿಟ್ ಮಾಡಿದರೂ ಅದು ವಾಪಸ್ ಬರುವುದಿಲ್ಲ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮೊದಲು ಮೇಲಿನ ಡಯಲ್ ಹಸಿರು ಆಟೊದಲ್ಲಿದ್ದರೆ ಅದರಿಂದ ಹೊರಗೆ ಬನ್ನಿ, ಅಲ್ಲಿ ಸ್ಟೈಲ್ ಆರಿಸಲು ಕ್ಯಾಮೆರಾ ಬಿಡುವುದಿಲ್ಲ. ಪಿ, ಟಿವಿ, ಎವಿ, ಎಂ ಯಾವುದಾದರೂ ಆಗುತ್ತದೆ. ಪಿಕ್ಚರ್ ಸ್ಟೈಲ್ ಪಟ್ಟಿಯ ಕೊನೆಯಲ್ಲಿ ಯೂಸರ್ ಡೆಫ್ 1 ಅಂತ ಇದೆ. ಅದಕ್ಕೆ ಸ್ಟ್ಯಾಂಡರ್ಡನ್ನೇ ತಳಹದಿ ಮಾಡಿಕೊಂಡು ಕಾಂಟ್ರಾಸ್ಟ್ ಮೈನಸ್ 2, ಸ್ಯಾಚುರೇಶನ್ ಮೈನಸ್ 2 ಇಡಿ. ಹೀಗೆ ಮಾಡಿದರೆ ಬೇರೆ ದಿನದ ಫೋಟೊಗಳಿಗೆ ಸ್ಟ್ಯಾಂಡರ್ಡ್ ಹಾಗೇ ಉಳಿದಿರುತ್ತದೆ, ಯಕ್ಷಗಾನದ ಆಟ ಇದ್ದ ದಿನ ಯೂಸರ್ ಡೆಫ್‌ಗೆ ಹೋದರೆ ಸಾಕು. ಇಷ್ಟಕ್ಕೂ ಕೆಂಪು ನಿಲ್ಲದಿದ್ದರೆ ತಳಹದಿಯನ್ನು ನ್ಯೂಟ್ರಲ್ ಮಾಡಿ ನೋಡಿ.

ಸ್ಟೈಲ್ ಒಂದರಿಂದಲೇ ಎಲ್ಲ ಸರಿಯಾಗುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ವೇಷದ ಹಿಂದೆ ಕತ್ತಲು ಜಾಸ್ತಿ ಇದ್ದಾಗ ಕ್ಯಾಮೆರಾ ದೃಶ್ಯವೇ ಕಪ್ಪಗಿದೆ ಅಂದುಕೊಂಡು ಎಕ್ಸ್‌ಪೋಷರ್ ಏರಿಸುತ್ತದೆ. ಅದನ್ನು ನೀವೇ ಮೂರನೇ ಎರಡು ಸ್ಟಾಪ್‌ನಷ್ಟಾದರೂ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ ಆಗುತ್ತದೆ). ಜೊತೆಗೆ ಆಟೊ ಲೈಟಿಂಗ್ ಆಪ್ಟಿಮೈಜರ್ ಅಂತ ಇನ್ನೊಂದು ಸೆಟ್ಟಿಂಗ್ ಇದೆ. ನೀವು ಒಂದು ಕಡೆ ಇಳಿಸಿದ್ದನ್ನು ಇದು ಸದ್ದಿಲ್ಲದೆ ಇನ್ನೊಂದು ಕಡೆಯಿಂದ ಏರಿಸುತ್ತದೆ. ಆಟ ಮುಗಿಯುವವರೆಗೆ ಅದನ್ನು ಆಫ್ ಮಾಡಿಡಿ. ನಿಕಾನ್ ಇರುವವರಿಗೆ ಇದೇ ತರಹದ್ದು ಆ್ಯಕ್ಟಿವ್ ಡಿ-ಲೈಟಿಂಗ್.

ಇನ್ನು ಶಾರ್ಪ್‌ನೆಸ್. ತೆಂಕುತಿಟ್ಟಿನ ಬಣ್ಣದ ವೇಷವನ್ನು ಹತ್ತಿರದಿಂದ ತೆಗೆದಿದ್ದೀರಾದರೆ ಆ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಮುಖದ ಮೇಲೆ ಇಟ್ಟ ಚುಟ್ಟಿಯ ಬಿಳಿ ಮುಳ್ಳುಗಳ ಸುತ್ತ ಒಂದು ತೆಳು ಕಪ್ಪು ಗೆರೆ ಕಾಣುತ್ತದಾ? ಆ ಗೆರೆ ಬಣ್ಣಗಾರಿಕೆಯದ್ದಲ್ಲ, ಕ್ಯಾಮೆರಾ ಎಳೆದದ್ದು. ಬಿಳಿ ಮತ್ತು ಕಪ್ಪು ಕೂಡುವ ಅಂಚಿನಲ್ಲಿ ಬಿಳಿಯನ್ನು ಇನ್ನಷ್ಟು ಬಿಳಿ, ಕಪ್ಪನ್ನು ಇನ್ನಷ್ಟು ಕಪ್ಪು ಮಾಡುವುದೇ ಶಾರ್ಪ್‌ನೆಸ್‌ನ ಕೆಲಸ. ಕತ್ತಲಲ್ಲಿ ಐಎಸ್‌ಒ 3200ಕ್ಕೆ ಹೋಗಿರುತ್ತೀರಿ, ಆಗ ಕಾಳುಕಾಳು ನಾಯ್ಸ್ ಕೂಡ ಅಂಚು ಅಂತಲೇ ಲೆಕ್ಕಕ್ಕೆ ಬಂದು ಅದೂ ಎದ್ದು ಕಾಣುತ್ತದೆ. ಶಾರ್ಪ್‌ನೆಸ್ಸನ್ನು 1ಕ್ಕೋ 2ಕ್ಕೋ ಇಳಿಸಿ. ಕಲಾವಿದರು ಗಂಟೆಗಟ್ಟಲೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕೂತು ಬರೆದ ಬಣ್ಣ ಅದು, ಅವರು ಬರೆದ ಹಾಗೇ ಅವರಿಗೆ ಫೋಟೊದಲ್ಲಿ ಸಿಗಬೇಕು.

ಪ್ರಶ್ನೆ: ನಾನು ಯಾವಾಗಲೂ ರಾ ಫೈಲ್‌ನಲ್ಲೇ ತೆಗೆಯುವುದು. ಕ್ಯಾಮೆರಾ ಸ್ಕ್ರೀನ್‌ನಲ್ಲಿ ಚೆನ್ನಾಗಿ ಕಂಡ ಫೋಟೊ ಲೈಟ್‌ರೂಮ್‌ಗೆ (ಫೋಟೊ ಎಡಿಟ್ ಮಾಡುವ ಸಾಫ್ಟ್‌ವೇರ್) ಹಾಕಿದ ತಕ್ಷಣ ಸಪ್ಪೆ ಆಗುತ್ತದೆ. ರಾ ತೆಗೆಯುವವರಿಗೆ ಸ್ಟೈಲ್ ಲೆಕ್ಕಕ್ಕೇ ಇಲ್ಲ ಅಂತ ಗೆಳೆಯರು ಹೇಳುತ್ತಾರೆ. ನಿಜವೇ? (ಹಾಸನದ ಓದುಗರು)

ಉತ್ತರ: ಅರ್ಧ ನಿಜ. ರಾ ಫೈಲ್‌ನಲ್ಲಿ ಸೆನ್ಸರ್‌ನ ಮಾಹಿತಿ ಹಾಗೇ ಇರುತ್ತದೆ, ಸ್ಟೈಲ್ ಬರೀ ಒಂದು ಸೂಚನೆಯಾಗಿ ಜೊತೆಗೆ ಕೂತಿರುತ್ತದೆ. ಕ್ಯಾನನ್‌ನವರ ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್‌ನವರ ಎನ್‌ಎಕ್ಸ್ ಸ್ಟುಡಿಯೋ ಆ ಸೂಚನೆಯನ್ನು ಓದಿ ಪಾಲಿಸುತ್ತವೆ. ಎರಡೂ ಉಚಿತ. ಲೈಟ್‌ರೂಮ್ ತನ್ನದೇ ಪ್ರೊಫೈಲ್ ಹಾಕಿ ತೋರಿಸುತ್ತದೆ, ಅದಕ್ಕೇ ನಿಮಗೆ ಸಪ್ಪೆ ಅನ್ನಿಸುವುದು. ಪ್ರೊಫೈಲ್ ಪಟ್ಟಿಯಲ್ಲಿ ಕ್ಯಾಮೆರಾ ಮ್ಯಾಚಿಂಗ್ ಅಂತ ಇರುವುದನ್ನು ತೆರೆದರೆ ಕ್ಯಾಮೆರಾ ಸ್ಟ್ಯಾಂಡರ್ಡ್, ಕ್ಯಾಮೆರಾ ಪೋರ್ಟ್ರೇಟ್ ಎಲ್ಲ ಸಿಗುತ್ತವೆ. ಸ್ಕ್ರೀನ್‌ನಲ್ಲಿ ಕಂಡದ್ದಕ್ಕೆ ಅದು ಹತ್ತಿರ ಬರುತ್ತದೆ.

ಗೆಳೆಯರು ಬಿಟ್ಟ ಇನ್ನರ್ಧ ಇದು. ಕ್ಯಾಮೆರಾ ಸ್ಕ್ರೀನ್‌ನಲ್ಲಿ ನೀವು ನೋಡುವುದು ರಾ ಅಲ್ಲ, ಸ್ಟೈಲ್ ಹಾಕಿ ಮಾಡಿದ ಜೆಪೆಗ್. ಹಿಸ್ಟೋಗ್ರಾಮ್ ಬರುವುದೂ ಅದರಿಂದಲೇ, ಬಿಳಿ ಜಾಗ ಮಿಣಮಿಣ ಮಿನುಗಿ ಎಚ್ಚರಿಸುವುದೂ ಅದರಿಂದಲೇ. ಲ್ಯಾಂಡ್‌ಸ್ಕೇಪ್ ಸ್ಟೈಲ್‌ನಲ್ಲಿದ್ದರೆ ಮೋಡ ಸುಟ್ಟುಹೋಯಿತು ಅಂತ ಮಿನುಗುತ್ತದೆ, ರಾ ಫೈಲ್‌ನಲ್ಲಿ ನೋಡಿದರೆ ಮೋಡ ಆರಾಮಾಗಿ ಇರುತ್ತದೆ. ನೀವು ಹೆದರಿ ಎಕ್ಸ್‌ಪೋಷರ್ ಇಳಿಸುತ್ತೀರಿ, ನೆರಳಿನಲ್ಲಿ ಸುಮ್ನೆ ನಾಯ್ಸ್ ತುಂಬಿಕೊಳ್ಳುತ್ತದೆ. ಹಾಗಾಗಿ ರಾ ತೆಗೆಯುವವರು ನ್ಯೂಟ್ರಲ್ ಇಟ್ಟು ಕಾಂಟ್ರಾಸ್ಟ್ ಇನ್ನೆರಡು ಇಳಿಸಿಕೊಳ್ಳುವುದು ಒಳ್ಳೆಯದು. ನಿಕಾನ್‌ನಲ್ಲಿ ಫ್ಲ್ಯಾಟ್ ಇದ್ದರೆ ಅದು. ಸ್ಕ್ರೀನ್‌ನಲ್ಲಿ ಫೋಟೊ ಪೇಲವವಾಗಿ ಕಾಣುತ್ತದೆ, ಆದರೆ ಹಿಸ್ಟೋಗ್ರಾಮ್ ರಾ ಫೈಲ್‌ನ ನಿಜಸ್ಥಿತಿಗೆ ಹತ್ತಿರ ಇರುತ್ತದೆ.

ಪ್ರಶ್ನೆ: ಮೇಡಂ/ಸರ್, ನಾನು ಸಣ್ಣ ಪ್ರಮಾಣದಲ್ಲಿ ಮದುವೆ ಫೋಟೊ ಮಾಡುತ್ತೇನೆ. ಮುಖ ಅಂದಮೇಲೆ ಪೋರ್ಟ್ರೇಟ್ ಸ್ಟೈಲ್ ತಾನೇ? ಅದನ್ನು ಹಾಕಿದರೆ ಎಲ್ಲರ ಮುಖವೂ ಗುಲಾಬಿ ಗುಲಾಬಿ ಆಗುತ್ತದೆ. ಮದುಮಗಳ ಅಮ್ಮ ಆಲ್ಬಂ ನೋಡಿ ‘ಇದು ನಮ್ಮ ಹುಡುಗಿ ಬಣ್ಣವೇ ಅಲ್ಲ’ ಅಂದರು. (ಧಾರವಾಡದ ಓದುಗರು)

ಉತ್ತರ: ಆ ಅಮ್ಮ ಹೇಳಿದ್ದು ಸರಿ, ಅವರ ಮಾತನ್ನೇ ಅಳತೆಗೋಲು ಮಾಡಿಕೊಳ್ಳಿ. ಪೋರ್ಟ್ರೇಟ್ ಸ್ಟೈಲ್ ಚರ್ಮವನ್ನು ಕೆಂಪುಗುಲಾಬಿ ಕಡೆಗೆ ತಳ್ಳುತ್ತದೆ, ಮೆದು ಮಾಡುತ್ತದೆ. ನಮ್ಮ ಗೋಧಿ ಬಣ್ಣಕ್ಕೆ, ಕಪ್ಪು ಬಣ್ಣಕ್ಕೆ ಅದು ಹೊಂದುವುದು ಕಡಿಮೆ. ಕ್ಯಾನನ್‌ನಲ್ಲಿ ಕಲರ್ ಟೋನ್ ಅನ್ನುವ ಸಾಲು ಇರುವುದೇ ಇದಕ್ಕೆ. ಮೈನಸ್ ಕಡೆ ಹೋದರೆ ಚರ್ಮ ಕೆಂಪಾಗುತ್ತದೆ, ಪ್ಲಸ್ ಕಡೆ ಹೋದರೆ ಹಳದಿಗೆ ತಿರುಗುತ್ತದೆ. ಪ್ಲಸ್ 1 ಇಟ್ಟು ಸ್ಯಾಚುರೇಶನ್ ಒಂದು ಇಳಿಸಿ ನೋಡಿ, ಹೆಚ್ಚಿನವರಿಗೆ ಅಷ್ಟು ಸಾಕು. ಕಾಂಟ್ರಾಸ್ಟ್ ಕೂಡ ಒಂದು ಇಳಿಸಿ. ಕಪ್ಪು ಮೈಬಣ್ಣದವರ ಮುಖದಲ್ಲಿ ಕೆನ್ನೆಯ ಹೊಳಪು ಮತ್ತು ಕಣ್ಣಿನ ಸುತ್ತಲಿನ ನೆರಳು ಎರಡೂ ಉಳಿಯಬೇಕು, ಕಾಂಟ್ರಾಸ್ಟ್ ಏರಿದರೆ ಎರಡರಲ್ಲಿ ಒಂದು ಹೋಗುತ್ತದೆ. ಬೆಳ್ಳಗೆ ಕಾಣಲಿ ಅಂತ ಎಕ್ಸ್‌ಪೋಷರ್ ಏರಿಸುವ ಅಭ್ಯಾಸ ನಮ್ಮ ಮದುವೆ ಫೋಟೊಗಳಲ್ಲಿ ಬಹಳ ಇದೆ. ದಯವಿಟ್ಟು ಬೇಡ. ಯಾರ ಬಣ್ಣ ಹೇಗಿದೆಯೋ ಹಾಗೇ ಚೆನ್ನಾಗಿ ತೋರಿಸುವುದು ನಮ್ಮ ಕೆಲಸ.

ಒಂದು ಕಡೆ ಮಾತ್ರ ಜಾಗ್ರತೆ. ಅರಿಶಿನ ಶಾಸ್ತ್ರದ ದಿನ ಮುಖಕ್ಕೆಲ್ಲ ಅರಿಶಿನ ಇರುತ್ತದೆ, ಸೀರೆಯೂ ಹಳದಿ, ಚೆಂಡುಹೂವೂ ಹಳದಿ. ಆಗ ಕಲರ್ ಟೋನ್ ಪ್ಲಸ್‌ನಲ್ಲಿದ್ದರೆ ಹಳದಿ ವಿಪರೀತ ಆಗಿಬಿಡುತ್ತದೆ, ಸೊನ್ನೆಗೆ ತನ್ನಿ. ಅಷ್ಟು ಹಳದಿಯ ನಡುವೆ ಆಟೊ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಸರಿಮಾಡುವ ಸೆಟ್ಟಿಂಗ್) ಕೂಡ ದಾರಿ ತಪ್ಪುವುದುಂಟು. ಅಂಗಳದ ಬೆಳಕಿದ್ದರೆ ಡೇಲೈಟ್‌ಗೋ ಶೇಡ್‌ಗೋ ಕಟ್ಟಿಹಾಕಿ. ಆಲ್ಬಂ ಮಾಡುವ ಲ್ಯಾಬ್‌ನವರಿಗೆ ‘ಕರೆಕ್ಷನ್ ಬೇಡ, ಇದ್ದ ಹಾಗೇ ಪ್ರಿಂಟ್ ಹಾಕಿ’ ಅಂತ ಹೇಳುವುದನ್ನೂ ಮರೆಯಬೇಡಿ, ಇಲ್ಲದಿದ್ದರೆ ನೀವು ಇಳಿಸಿದ ಕಾಂಟ್ರಾಸ್ಟನ್ನು ಅಲ್ಲಿನ ಮಷೀನ್ ಮತ್ತೆ ಏರಿಸಬಹುದು.

ಪ್ರಶ್ನೆ: ಹಂಪಿಯ ಬಂಡೆಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆಯುವ ಆಸೆ. ಮೋನೊಕ್ರೋಮ್ ಹಾಕಿದರೆ ಬಂಡೆಯೂ ಬೂದು, ಆಕಾಶವೂ ಬೂದು. (ಹೊಸಪೇಟೆಯ ಓದುಗರು)

ಉತ್ತರ: ಮೋನೊಕ್ರೋಮ್ ಆರಿಸಿ ಅಲ್ಲಿಗೇ ನಿಲ್ಲಿಸಿದ್ದೀರಿ ಅನ್ನಿಸುತ್ತದೆ, ಒಳಗೆ ಹೋಗಿ ಫಿಲ್ಟರ್ ಎಫೆಕ್ಟ್ ನೋಡಿ. ಹಳದಿ, ಕಿತ್ತಳೆ, ಕೆಂಪು, ಹಸಿರು ಅಂತ ನಾಲ್ಕಿವೆ. ಫಿಲ್ಮ್ ಕಾಲದಲ್ಲಿ ಲೆನ್ಸ್ ಮುಂದೆ ಬಣ್ಣದ ಗಾಜು ಹಾಕುತ್ತಿದ್ದರಲ್ಲ, ಅದೇ ಕೆಲಸ. ಯಾವ ಬಣ್ಣದ ಫಿಲ್ಟರ್ ಹಾಕುತ್ತೀರೋ ಆ ಬಣ್ಣದ ವಸ್ತು ಬೆಳ್ಳಗಾಗುತ್ತದೆ, ಎದುರು ಬಣ್ಣದ್ದು ಕಪ್ಪಾಗುತ್ತದೆ. ಹಂಪಿಯ ಬಂಡೆಯಲ್ಲಿ ಕೆಂಪು-ಕಂದು ಛಾಯೆ ಇದೆ, ಆಕಾಶ ನೀಲಿ. ಕಿತ್ತಳೆ ಹಾಕಿದರೆ ಬಂಡೆ ತಿಳಿಯಾಗಿ ಮುಂದೆ ಬರುತ್ತದೆ, ಆಕಾಶ ಕಪ್ಪಾಗಿ ಹಿಂದೆ ಸರಿಯುತ್ತದೆ. ಕೆಂಪು ಹಾಕಿದರೆ ಆಕಾಶ ತೀರಾ ಕಡುಕಪ್ಪು. ಮಾತಂಗ ಬೆಟ್ಟದ ಮೇಲಿಂದ ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆಯುವುದಾದರೆ ನನ್ನ ಆಯ್ಕೆ ಕಿತ್ತಳೆಯೇ. ಬಾಳೆತೋಟ ಚೌಕಟ್ಟಿನಲ್ಲಿ ಜಾಸ್ತಿ ಇದ್ದರೆ ಹಸಿರು ಹಾಕಿ ನೋಡಿ, ಎಲೆಗಳು ಎದ್ದು ಬರುತ್ತವೆ. ಮೋಡ ಮುಚ್ಚಿದ ಬಿಳಿ ಆಕಾಶಕ್ಕೆ ಮಾತ್ರ ಯಾವ ಫಿಲ್ಟರೂ ಏನೂ ಮಾಡಲಾರದು, ಅಲ್ಲಿ ನೀಲಿಯೇ ಇಲ್ಲವಲ್ಲ.

ರಾ ಮತ್ತು ಜೆಪೆಗ್ ಎರಡನ್ನೂ ಆನ್ ಮಾಡಿಕೊಳ್ಳಿ. ಸ್ಕ್ರೀನ್‌ನಲ್ಲಿ ಕಪ್ಪು ಬಿಳುಪು ನೋಡಿ ಚೌಕಟ್ಟು ಹಾಕಬಹುದು, ರಾ ಫೈಲ್‌ನಲ್ಲಿ ಬಣ್ಣ ಪೂರ್ತಿ ಉಳಿದಿರುತ್ತದೆ. ಬರೀ ಜೆಪೆಗ್ ಆದರೆ ಹೋದ ಬಣ್ಣ ಹೋಯಿತು.

ಪ್ರಶ್ನೆ: ಮಳೆಗಾಲದ ಕಾಡಿನ ಫೋಟೊಗೆ ಲ್ಯಾಂಡ್‌ಸ್ಕೇಪ್ ಸ್ಟೈಲ್ ಹಾಕಿ ಸ್ಯಾಚುರೇಶನ್ ಪ್ಲಸ್ 3 ಮಾಡಿದ್ದೇನೆ. ಹಸಿರು ಪ್ಲಾಸ್ಟಿಕ್ ತರಹ ಕಾಣುತ್ತಿದೆ. (ಶಿರಸಿಯ ಓದುಗರು)

ಉತ್ತರ: ಲ್ಯಾಂಡ್‌ಸ್ಕೇಪ್ ಅನ್ನುವುದೇ ಹಸಿರು ಮತ್ತು ನೀಲಿಯನ್ನು ಏರಿಸಿ ಮಾಡಿದ ಸ್ಟೈಲ್. ಅದರ ಮೇಲೆ ನೀವು ಮತ್ತೆ 3 ಹಾಕಿದ್ದೀರಿ. ಮಲೆನಾಡಿನ ಮಳೆಗಾಲದಲ್ಲಿ ಚಿಗುರಿನ ಹಸಿರು ಬೇರೆ, ಪಾಚಿಯದ್ದು ಬೇರೆ, ಅಡಿಕೆ ಸೋಗೆಯದ್ದು ಬೇರೆ. ಎಲ್ಲವನ್ನೂ ಏರಿಸಿದರೆ ಎಲ್ಲ ಒಂದೇ ಹಸಿರಾಗುತ್ತದೆ. ಸ್ಯಾಚುರೇಶನ್ ಸೊನ್ನೆಗೆ ತಂದು, ಲೆನ್ಸ್ ಮುಂದೆ ಹಾಕುವ ಒಂದು ಪೋಲರೈಸರ್ ಫಿಲ್ಟರ್ ಕಡೆ ಯೋಚನೆ ತಿರುಗಿಸಿ. ಒದ್ದೆ ಎಲೆಯ ಮೇಲಿನ ಬಿಳಿ ಹೊಳಪನ್ನು ಅದು ತೆಗೆದುಹಾಕುತ್ತದೆ, ಕೆಳಗಿನ ನಿಜವಾದ ಬಣ್ಣ ಕಾಣುತ್ತದೆ. ಈ ಕೆಲಸ ಯಾವ ಸ್ಟೈಲ್‌ನಿಂದಲೂ ಆಗದು. ಒಂದೂವರೆ-ಎರಡು ಸ್ಟಾಪ್ ಬೆಳಕನ್ನು ಅದು ತಿನ್ನುತ್ತದೆ, ಹಾಗಾಗಿ ಟ್ರೈಪಾಡ್ ಜೊತೆಗಿರಲಿ.

ಪ್ರಶ್ನೆ: ದುಬೈನಲ್ಲಿದ್ದೇನೆ, ಹೊಸದಾಗಿ ಫ್ಯೂಜಿ ತಗೊಂಡೆ. ಇಷ್ಟೊಂದು ಫಿಲ್ಮ್ ಹೆಸರುಗಳಲ್ಲಿ ಯಾವುದನ್ನು ಆರಿಸಲಿ? (ದುಬೈನ ಓದುಗರು)

ಉತ್ತರ: ಪ್ರೊವಿಯಾದಿಂದ ಶುರು ಮಾಡಿ, ಅದು ಅವರ ಸ್ಟ್ಯಾಂಡರ್ಡ್. ವೆಲ್ವಿಯಾ ಫಿಲ್ಮ್ ಬಂದದ್ದು 1990ರಲ್ಲಿ, ಗಾಢ ಬಣ್ಣಕ್ಕೆ ಪ್ರಕೃತಿ ಛಾಯಾಗ್ರಾಹಕರು ಅದನ್ನು ಇಷ್ಟಪಡುತ್ತಿದ್ದರು. ಅದೇ ಹೆಸರಿನ ಸಿಮ್ಯುಲೇಶನ್ ಕೂಡ ಹಾಗೇ, ಮನುಷ್ಯರ ಮುಖಕ್ಕೆ ಬೇಡ. ನಿಮ್ಮಲ್ಲಿನ ಮಧ್ಯಾಹ್ನದ ಕಟುಬಿಸಿಲಿಗೆ ಕ್ಲಾಸಿಕ್ ಕ್ರೋಮ್ ಬಣ್ಣವನ್ನು ತಗ್ಗಿಸುತ್ತದೆ, ಆದರೆ ನೆರಳು ಗಟ್ಟಿಯಾಗಿ ಬರುತ್ತದೆ. ಹೈಲೈಟ್ ಮೈನಸ್ 1, ಶ್ಯಾಡೊ ಮೈನಸ್ 1 ಇಟ್ಟುಕೊಳ್ಳಿ. ಫ್ಯೂಜಿಯಲ್ಲಿ ದೊಡ್ಡ ಅನುಕೂಲ ಎಂದರೆ ರಾ ಫೈಲ್ ಇದ್ದರೆ ಕ್ಯಾಮೆರಾದಲ್ಲೇ ಅದನ್ನು ಬೇರೆ ಬೇರೆ ಸಿಮ್ಯುಲೇಶನ್‌ನಲ್ಲಿ ಮತ್ತೆ ಮತ್ತೆ ಜೆಪೆಗ್ ಮಾಡಬಹುದು. ಒಂದೇ ಫೋಟೊವನ್ನು ನಾಲ್ಕು ತರಹ ಮಾಡಿ ಪಕ್ಕಪಕ್ಕ ಇಟ್ಟು ನೋಡಿದರೆ ನಾನು ಹೇಳುವುದಕ್ಕಿಂತ ಬೇಗ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ವಿಡಿಯೊ ತೆಗೆಯುವಾಗಲೂ ಸ್ಟೈಲ್ ಕೆಲಸ ಮಾಡುತ್ತಾ? (ತುಮಕೂರಿನ ಓದುಗರು)

ಉತ್ತರ: ಮಾಡುತ್ತದೆ. ನಮ್ಮ ಸಾಮಾನ್ಯ ಕ್ಯಾಮೆರಾಗಳಲ್ಲಿ ವಿಡಿಯೊಗೆ ರಾ ಇಲ್ಲ, ಸ್ಟೈಲ್ ಅದರಲ್ಲೇ ಬೆರೆತುಹೋಗಿರುತ್ತದೆ. ಎಡಿಟ್ ಮಾಡುವುದಿದ್ದರೆ ನ್ಯೂಟ್ರಲ್, ಶಾರ್ಪ್‌ನೆಸ್ ಸೊನ್ನೆ, ಕಾಂಟ್ರಾಸ್ಟ್ ಮೈನಸ್ 2. ಎಡಿಟ್ ಮಾಡದೆ ಹಾಗೇ ಕಳಿಸುವುದಾದರೆ ಸ್ಟ್ಯಾಂಡರ್ಡ್ ಇಟ್ಟು ಶಾರ್ಪ್‌ನೆಸ್ ಮಾತ್ರ ಇಳಿಸಿ. ಹೆಂಚಿನ ಸಾಲು, ಪಟ್ಟೆಪಟ್ಟೆ ಅಂಗಿ ಇವೆಲ್ಲ ವಿಡಿಯೊದಲ್ಲಿ ಮಿಣುಗುಟ್ಟುವುದು ಅದರಿಂದ ಸ್ವಲ್ಪ ಕಡಿಮೆಯಾಗುತ್ತದೆ.